ಕಾರ್ನೆಗಿಯ ನಗೆ, ದನದ ಪೇಟೆಯ ವಲ್ಲಿ

ಡೇಲ್ ಕಾರ್ನೆಗಿಯ ‘ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್’ ಅಚ್ಚಾದದ್ದು 1936ರಲ್ಲಿ. ಮಿಸೌರಿಯ ಬಡ ರೈತನ ಮಗ ಕಾರ್ನೆಗಿ 1912ರಿಂದ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ಭಾಷಣ ಕಲೆ ಕಲಿಸುತ್ತಿದ್ದ. ಪುಸ್ತಕ ಹುಟ್ಟಿದ್ದು ಆ ತರಗತಿಗಳಿಂದ. ನಗುತ್ತ ಮಾತಾಡಿಸಿ, ಹೆಸರು ನೆನಪಿಡಿ, ವಾದಕ್ಕೆ ಇಳಿಯಬೇಡಿ ಎನ್ನುವುದಕ್ಕೆ ಪುಸ್ತಕ ಬೇಕೇನು ಎಂದು ಅಥಣಿ ಸೀಮೆಯ ಐಗಳಿಯ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇವುಗಳಲ್ಲಿ ಕೆಲವು ಇಲ್ಲಿ ನಡೆಯುವುದೂ ಇಲ್ಲ. ಮನುಷ್ಯನಿಗೆ ತನ್ನ ಹೆಸರಿಗಿಂತ ಸವಿಯಾದ ಸದ್ದಿಲ್ಲ ಎಂದು ಕಾರ್ನೆಗಿ ನಂಬಿದ್ದ. ಈ ಸೀಮೆಯಲ್ಲಿ ಹಿರಿಯರನ್ನು ಬರೀ ಹೆಸರು ಹಿಡಿದು ಕರೆದರೆ ಸಿಟ್ಟು ಬರುತ್ತದೆ. ‘ಕಾಕಾ’, ‘ಮಾಮಾ’, ‘ಗೌಡ್ರ’ ಎನ್ನಬೇಕು, ಕೊನೆಗೊಂದು ‘ರೀ’ ಸೇರಿಸಬೇಕು. ಜನರನ್ನು ಮೆಚ್ಚಿಸುವ ಉಪಾಯಗಳು ಊರಿಂದ ಊರಿಗೆ ಕೆಡುತ್ತವೆ. ಪುಸ್ತಕದಲ್ಲಿ ಕೆಡದೆ ಉಳಿದದ್ದು, ಏನನ್ನು ಆಡದೆ ಬಿಡಬೇಕು ಎಂಬ ಭಾಗ.

ಮೊದಲ ಅಧ್ಯಾಯದ ಲಿಂಕನ್ ಪ್ರಸಂಗವನ್ನೇ ನೋಡಿ. 1863ರ ಜುಲೈಯಲ್ಲಿ, ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದಲ್ಲಿ ಸೋತ ದಕ್ಷಿಣದ ಸೇನಾನಿ ಲೀಯ ಸೈನ್ಯವನ್ನು ತನ್ನ ಸೇನಾಪತಿ ಮೀಡ್ ಹಿಡಿಯದೆ ಬಿಟ್ಟಾಗ ಲಿಂಕನ್ ಒಂದು ಕಟುವಾದ ಪತ್ರ ಬರೆದು, ಕಳಿಸದೆ ಇಟ್ಟುಕೊಂಡ. ಅದು ಸಿಕ್ಕಿದ್ದು ಅವನು ಸತ್ತ ಮೇಲೆ, ಅವನ ಕಾಗದಗಳ ನಡುವೆ. ಎದುರಿನವನ ಮಾನ ಉಳಿಸಿ ಎಂದು ನಾಲ್ಕನೆಯ ಭಾಗದಲ್ಲಿ ಕಾರ್ನೆಗಿ ಮತ್ತೆ ಇದೇ ಮಾತಿಗೆ ಬರುತ್ತಾನೆ. ಉತ್ತರ ಕರ್ನಾಟಕದ ದನದ ಪೇಟೆಗಳಲ್ಲಿ ಇದಕ್ಕೊಂದು ಪದ್ಧತಿಯೇ ಇತ್ತು. ಕೊಳ್ಳುವವನೂ ದಲಾಲಿಯೂ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹಾಕಿಕೊಂಡು, ಅದರಡಿ ಬೆರಳು ಹಿಡಿದು ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಕಾಣುವುದು ತಲೆ ಅಲ್ಲಾಡುವುದಷ್ಟೇ. ಸೌದಾ ಮುರಿದರೂ ಯಾರು ಎಷ್ಟಕ್ಕೆ ಕೇಳಿದರು, ಯಾರ ಕಿಸೆ ಎಲ್ಲಿ ಬರಿದಾಯಿತು ಎಂಬುದು ಹೊರಗೆ ಬೀಳುತ್ತಿರಲಿಲ್ಲ. ಮುಂದಿನ ವಾರ ಅದೇ ಇಬ್ಬರು ಅದೇ ಪೇಟೆಯಲ್ಲಿ ಎದುರಾಗಬೇಕಲ್ಲ!

ಪುಸ್ತಕದ ಉಪದೇಶವೆಲ್ಲ ನಯವಂಚನೆ ಎಂಬ ಆಕ್ಷೇಪ ಹಳೆಯದು. ಕಾರ್ನೆಗಿಗೂ ಅದು ಗೊತ್ತಿತ್ತು. ಮೆಚ್ಚುಗೆ ಬೇರೆ, ಮುಖಸ್ತುತಿ ಬೇರೆ ಎಂದು ಒತ್ತಿ ಹೇಳಿದ್ದಾನೆ. ಆದರೆ ಮನಸ್ಸಿನಿಂದ ಮೆಚ್ಚಿ ಎಂದು ಹೇಳಿ, ಹಾಗೆ ಮೆಚ್ಚಿದರೆ ಇಷ್ಟು ಲಾಭ ಎಂದು ಉದಾಹರಣೆಗಳ ರಾಶಿ ಹಾಕುವವನನ್ನು ಪೂರ್ತಿ ನಂಬುವುದು ಕಷ್ಟ. ಮಾತಿನ ಅಂದವನ್ನು ಹೊಗಳುತ್ತ ಹೋಗುವ ಬಸವಣ್ಣನವರ ಪ್ರಸಿದ್ಧ ವಚನ ಕೊನೆಗೆ ನಡತೆಯನ್ನು ಕೇಳುತ್ತದೆ. ಕಾರ್ನೆಗಿಯ ಲೆಕ್ಕ ಅಲ್ಲಿಯವರೆಗೆ ಹೋಗುವುದಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪವನ್ನು ಅದೇ ವಲ್ಲಿ ಎತ್ತುತ್ತದೆ. ಸರೀಕರ ನಡುವೆ ಮಾನ ಕಾಯುವ ಬಟ್ಟೆ, ಒಬ್ಬ ದುರ್ಬಲನಾದ ಕೂಡಲೇ ಮೋಸವನ್ನು ಮುಚ್ಚುತ್ತದೆ. ಕೃಷಿ ಮಾರುಕಟ್ಟೆಗಳಲ್ಲಿ ಗುಟ್ಟಿನ ದರ ನಿಂತು ಬಹಿರಂಗ ಸವಾಲು ಬಂದದ್ದು ಈ ಕಾರಣಕ್ಕೇ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಗೋಲಿಬಾರ್ ಆಗಿ ರೈತರು ಸತ್ತರು. ವ್ಯಾಪಾರಸ್ಥರ ಹೆಸರು ನೆನಪಿಟ್ಟು ನಕ್ಕಿದ್ದರೆ ಬೆಲೆ ಏರುತ್ತಿತ್ತೆಂದು ಯಾರೂ ಹೇಳಲಾರರು. ಸಿಟ್ಟನ್ನು ನುಂಗು ಎಂಬ ಉಪದೇಶ ಮೀಡ್‌ಗೆ ಬರೆಯುವ ಲಿಂಕನ್‌ಗೆ, ಎಂದರೆ ಮೇಲಿದ್ದವನಿಗೆ, ಒಪ್ಪುತ್ತದೆ. ಕೆಳಗಿದ್ದವನಿಗೆ ಅದನ್ನೇ ಹೇಳಿದರೆ ಬಾಯಿ ಮುಚ್ಚು ಎಂದಂತೆ. ಈ ವ್ಯತ್ಯಾಸ ಪುಸ್ತಕದಲ್ಲಿಲ್ಲ. ಅದರ ಪರಿಷ್ಕೃತ ಆವೃತ್ತಿ ಬಂದದ್ದೂ 1981ರಲ್ಲೇ; ಪವಾಡ ಮಾಡುವ ಪತ್ರಗಳ ಭಾಗವನ್ನೂ ಸಂಸಾರದ ಸುಖದ ಭಾಗವನ್ನೂ ತೆಗೆದರು. ಕೆಳಗಿದ್ದವನು ಏನು ಮಾಡಬೇಕು ಎಂಬ ಅಧ್ಯಾಯವನ್ನು ಸೇರಿಸಲಿಲ್ಲ.