ಕೇಳಿದ್ದು ಒಂದು, ಮಾಡಿದ್ದು ಇನ್ನೊಂದು

ನಿಮ್ಮ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್‌ಗಳಿವೆ ಎನ್ನಿ: ಒಂದರಲ್ಲಿ ವಿಂಡೋಸ್, ಇನ್ನೊಂದು ಉಬುಂಟುವಿಗೆ. 2023ರಲ್ಲಿ 23.04 ಆವೃತ್ತಿ ಬರುವವರೆಗೆ ಉಬುಂಟುವಿನ ಅನುಸ್ಥಾಪಕ ತಂತ್ರಾಂಶವಾಗಿದ್ದ ಯುಬಿಕ್ವಿಟಿ, ಬೂಟ್‌ಲೋಡರ್ ಯಾವ ಡಿಸ್ಕಿನಲ್ಲಿರಬೇಕೆಂದು ಕೇಳುತ್ತಿತ್ತು. ನೀವು ಎರಡನೆಯದನ್ನು ಆರಿಸಿದರೂ ಯುಇಎಫ್‌ಐ ಯಂತ್ರಗಳಲ್ಲಿ ಗ್ರಬ್ ಸಾಮಾನ್ಯವಾಗಿ ಮೊದಲ ಡಿಸ್ಕಿನ ಇಎಫ್‌ಐ ವಿಭಾಗಕ್ಕೇ ಹೋಗುತ್ತಿತ್ತು. ಪಾಲಿಸದ ಆಯ್ಕೆಯನ್ನು ಕೇಳುವುದೇಕೆ?

ದೋಷ ಕೂಡಲೇ ಕಾಣುವುದಿಲ್ಲ. ಮುಂದೊಂದು ದಿನ ವಿಂಡೋಸ್ ಡಿಸ್ಕನ್ನು ತೆಗೆದಾಗ ಉಬುಂಟು ಏಳುವುದಿಲ್ಲ. ಕಡತಗಳೆಲ್ಲ ಸುರಕ್ಷಿತವಾಗಿಯೇ ಇರುತ್ತವೆ. ಆದರೆ ಬಲ್ಲವರ ನೆರವು ಕೈಗೆಟುಕದ ಹೊಳಲಿನಂಥ ಊರಿನಲ್ಲಿ, ಡಿಸ್ಕೇ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿಸಿದರೆ ಎಲ್ಲವೂ ಹೋದಂತೆಯೇ.

ಆದ್ದರಿಂದ ಅನುಸ್ಥಾಪಿಸುವ ಮೊದಲು ಯಂತ್ರವನ್ನು ಆರಿಸಿ, ವಿಂಡೋಸ್ ಡಿಸ್ಕನ್ನು ಕಳಚಿಡಿ. ಈಗಾಗಲೇ ಅನುಸ್ಥಾಪಿಸಿದ್ದರೆ, ಉಬುಂಟುವಿನ ‘ಡಿಸ್ಕ್ಸ್’ ತಂತ್ರಾಂಶದಲ್ಲಿ ‘ಬೂಟ್/ಇಎಫ್‌ಐ’ ಯಾವ ಡಿಸ್ಕಿನಲ್ಲಿದೆಯೆಂದು ನೋಡಿಕೊಳ್ಳಿ.