ಮನೆಯ ಪಿಸಿಬಿಗೆ ಯಾವ ಡ್ರಿಲ್ ಬಿಟ್?

ಮನೆಯಲ್ಲೇ ಪಿಸಿಬಿ ಮಾಡಲು ಹೊರಟವರಿಗೆಲ್ಲ ಸಿಗುವ ಸಿದ್ಧ ಸಲಹೆಯೊಂದಿದೆ: ಕಾರ್ಬೈಡ್ ಬಿಟ್ಟನ್ನೇ ಕೊಳ್ಳಿ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ ಹಾಕಿದ ದುಡ್ಡು ದಂಡ. ಕಾರ್ಖಾನೆಯ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಸ್ಪಿಂಡಲ್ ಕೂದಲೆಳೆಯಷ್ಟೂ ಅಲುಗದೆ ನೇರ ಇಳಿದು ನೇರ ಏಳುತ್ತದೆ. ಮನೆಯಲ್ಲಿ ಹೆಚ್ಚಿನವರ ಬಳಿ ಇರುವುದು 12 ವೋಲ್ಟಿನ ಸಣ್ಣ ಮೋಟಾರು, ಅದರ ತುದಿಗೊಂದು ಹಿತ್ತಾಳೆಯ ಚಕ್ಕು, ಹಿಡಿಯಲು ಬರೀ ಕೈ. ಕಾರ್ಬೈಡ್ ಗಡಸು, ಆದರೆ ಬಾಗುವ ಜಾತಿಯದಲ್ಲ, 0.8 ಮಿ.ಮೀ. ಬಿಟ್ಟು ತೂತಿನೊಳಗಿರುವಾಗ ಕೈ ತುಸು ಓರೆಯಾದರೂ ಲಟಕ್ಕನೆ ಮುರಿಯುತ್ತದೆ. ಹಾಗಾಗಿ ಬಿಟ್ಟು ಆರಿಸುವ ಮೊದಲು ನೋಡಬೇಕಾದದ್ದು ಎರಡು: ಅದನ್ನು ಹಿಡಿಯುವ ಸಾಧನ ಮತ್ತು ಅದು ಕೊರೆಯಬೇಕಾದ ಬೋರ್ಡು.

ಎಚ್‌ಎಸ್‌ಎಸ್ ಬೇಗ ಮೊಂಡಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅದನ್ನು ಮೊಂಡು ಮಾಡುವುದು ಗ್ಲಾಸ್ ಎಪಾಕ್ಸಿ ಬೋರ್ಡಿನೊಳಗಿನ ಗಾಜಿನ ಎಳೆ. ಮೊಂಡು ಬಿಟ್ಟು ತಾಮ್ರವನ್ನು ಕತ್ತರಿಸುವ ಬದಲು ತಳ್ಳುತ್ತದೆ. ತೂತಿನ ಅಂಚಿನಲ್ಲಿ ಚೂಪಾದ ಏಣು ಏಳುತ್ತದೆ, ಸಣ್ಣ ಪ್ಯಾಡಾದರೆ ಕಿತ್ತೇ ಬರಬಹುದು. ಕಾಗದ ಮತ್ತು ಫೀನಾಲಿಕ್ ರಾಳದಿಂದಾದ ಕಂದು ಬೋರ್ಡಿನಲ್ಲಿ ಗಾಜಿಲ್ಲ, ಅಲ್ಲಿ ಅದೇ ಬಿಟ್ಟು ಬಹಳ ಕಾಲ ಬಾಳುತ್ತದೆ. ಕಲಿಯುವವರ ಟೈಮರು, ಪವರ್ ಸಪ್ಲೈಗಳಿಗೆ ಈ ಬೋರ್ಡು ಧಾರಾಳ ಸಾಕು. ಒಂದು ತೊಡಕಂತೂ ಇದೆ: ಎಚ್‌ಎಸ್‌ಎಸ್ ಬಿಟ್ಟಿನ ಹಿಡಿಯೂ ತೆಳ್ಳಗಿರುವುದರಿಂದ ಅಗ್ಗದ ಚಕ್ಕು ಅದನ್ನು ನಡುವಿಗೆ ಸರಿಯಾಗಿ ಕಚ್ಚುವುದಿಲ್ಲ. ಪಿಸಿಬಿಗೆಂದೇ ಬರುವ ಕಾರ್ಬೈಡ್ ಬಿಟ್ಟುಗಳ ಹಿಡಿ ಸಾಮಾನ್ಯವಾಗಿ 3.175 ಮಿ.ಮೀ. ದಪ್ಪ. ಈ ಒಂದು ವಿಷಯದಲ್ಲಿ ಕಾರ್ಬೈಡಿನದೇ ಮೇಲುಗೈ.

ಅಳತೆಯ ವಿಷಯದಲ್ಲಿ ನಡೆಯುವ ತಪ್ಪು ಇನ್ನೂ ದೊಡ್ಡದು. ಎಲ್ಲಕ್ಕೂ 1 ಮಿ.ಮೀ. ಹೊಡೆದರೆ ಬಿಟ್ಟು ಬದಲಿಸುವ ರಗಳೆ ತಪ್ಪುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. 1.6 ಮಿ.ಮೀ. ಪ್ಯಾಡಿನಲ್ಲಿ 1 ಮಿ.ಮೀ. ತೂತಾದರೆ ಸುತ್ತ ಉಳಿಯುವ ತಾಮ್ರ 0.3 ಮಿ.ಮೀ.; ಕೈ 0.2 ಮಿ.ಮೀ. ಜಾರಿದರೆ ಒಂದು ಬದಿಗೆ 0.1 ಮಾತ್ರ. ಮನೆಯ ಬೋರ್ಡಿನ ತೂತಿನೊಳಗೆ ತಾಮ್ರದ ಲೇಪವಿಲ್ಲ, ಬೆಸುಗೆಗೆ ಆ ಉಂಗುರವೇ ಗತಿ. ಐಸಿಯ ಕಾಲಿಗೂ ಕಾಲು ವ್ಯಾಟ್ ರೆಸಿಸ್ಟರಿಗೂ 0.8 ಸಾಕು. ಪಿನ್ ಹೆಡರಿಗೆ ಮಾತ್ರ 1 ಮಿ.ಮೀ. ಬೇಕು: ಅದರ ಚೌಕ ಪಿನ್ನಿನ ಬದಿ 0.64 ಆದರೂ ಮೂಲೆಯಿಂದ ಮೂಲೆಗೆ 0.9 ಇರುತ್ತದೆ. ಪ್ಯಾಡಿನ ನಡುವೆ ಎಚ್ಚಿಂಗ್ ಹೊತ್ತಿಗೇ ಒಂದು ಸಣ್ಣ ಚುಕ್ಕೆಯಷ್ಟು ತಾಮ್ರ ತೆಗೆದಿಟ್ಟರೆ ಬಿಟ್ಟು ತಾನಾಗಿ ಅಲ್ಲಿ ಕೂರುತ್ತದೆ.

ಕೈಯಲ್ಲೇ ಹಿಡಿದು ಕೊರೆಯುವವರು ಕಂದು ಬೋರ್ಡು ಮತ್ತು ಎಚ್‌ಎಸ್‌ಎಸ್ ಬಿಟ್ಟಿನಿಂದ ಶುರು ಮಾಡುವುದೇ ಸರಿ. ಗಾಜಿನ ಬೋರ್ಡೇ ಬೇಕೆಂದರೆ ಮೊದಲು ಅಲುಗದ ಸ್ಟ್ಯಾಂಡ್ ಕೊಳ್ಳಿ, ಕಾರ್ಬೈಡ್ ಆಮೇಲೆ. ಆಗ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಕಡ್ಡಾಯ: ಗಾಜಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮುರಿದ ಬಿಟ್ಟಿನ ಚೂರು ಯಾವ ಕಡೆ ಹಾರುತ್ತದೆಂದು ಹೇಳಲಾಗದು.