ಗಾಟಾ ಲೂಪ್ಸ್ ಕಟ್ಟಿದ ಕೈಗಳು

ಮನಾಲಿಯಿಂದ ಲೇಹ್, ಅಲ್ಲಿಂದ ಕಾರ್ಗಿಲ್, ಶ್ರೀನಗರ ಸುತ್ತಿ ಇಳಿಯುವ ಬೈಕ್ ಪಯಣದಲ್ಲಿ ಹಿಮಶಿಖರಗಳಷ್ಟೇ ಮೆಚ್ಚಬೇಕಾದದ್ದು ರಸ್ತೆಯನ್ನು. ಗಾಟಾ ಲೂಪ್ಸ್‌ನ 21 ತಿರುವುಗಳನ್ನೇ ನೋಡಿ: ಗಾಳಿ ತೆಳುವಾಗಿ ಎಂಜಿನ್ ಏದುಸಿರು ಬಿಡುವಾಗಲೂ ಕಡಿದಾದ ಗುಡ್ಡವನ್ನು ಹಂತಹಂತವಾಗಿ ಹತ್ತಿಸುತ್ತವೆ. ಮುಂದೆ 5,300 ಮೀಟರಿಗೂ ಎತ್ತರದ ಕಣಿವೆಮಾರ್ಗ ತಂಗ್‌ಲಾಂಗ್ ಲಾ. ಮರಳುವಾಗ ಫೋಟು ಲಾ, ಜೋಜಿ ಲಾ. ಚಳಿಗಾಲದ ಹಿಮ ಕಿತ್ತುಹಾಕಿದ್ದನ್ನು ಗಡಿ ರಸ್ತೆ ಸಂಸ್ಥೆ ಪ್ರತಿ ಬೇಸಿಗೆಯಲ್ಲೂ ಸರಿಪಡಿಸುತ್ತದೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಡ್ರಮ್ಮಿನಲ್ಲಿ ಡಾಂಬರು ಕಾಯಿಸುವ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ದೂರದ ಜಾರ್ಖಂಡ್‌ನವರು. ಆ ಎತ್ತರದಲ್ಲಿ ನಮಗೆ ನಾಲ್ಕು ಹೆಜ್ಜೆ ನಡೆದರೂ ಉಸಿರು ಕಟ್ಟುತ್ತದೆ. ಅವರು ದಿನವಿಡೀ ಕಲ್ಲು ಹೊರುತ್ತಾರೆ. ಅಲ್ಲಿಗೆ ಹೊರಟವರು ಅವರ ಬಳಿ ವೇಗ ತಗ್ಗಿಸಿ, ಧೂಳೆಬ್ಬಿಸದೆ ಸಾಗಿ. ಒಂದು ಗಳಿಗೆ ನಿಂತು ನಮಸ್ಕಾರ ಹೇಳಿ.